ಬೀದಿಯ ಸುರುಳಿ, ಮಗಳ ಮನೆಯ ನೀರು

ಇಪೋ, ಮಲೇಷಿಯಾ
12 ಜೂನ್ 1998

ಅವ್ವಗೆ ಪ್ರಮಿತಾಳ ನಮಸ್ಕಾರ.

ನಿನ್ನ ಎರಡು ಪತ್ರ ಬಂದು ಕೂತಿವೆ, ನಾನು ಸುಮ್ಮನಿದ್ದೆ. ಒಂದಿಷ್ಟು ಜ್ವರ ಬಂದು ಹೋಯಿತು, ಅಷ್ಟೇ. ಈಗ ಆರಾಮಿದ್ದೇನೆ. ನಿನ್ನ ಅಳಿಯನೂ ಆರಾಮ. ಬೆಳಿಗ್ಗೆ ಗಣಿಗೆ ಹೋದರೆ ಸಂಜೆಗೆ ಅಂಗಿ, ಮೀಸೆ, ಹುಬ್ಬು ಎಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಾರೆ. ವಾಡಿಯಲ್ಲಿದ್ದಾಗ ಸಿಮೆಂಟಿನ ಧೂಳು, ಇಲ್ಲಿ ಸುಣ್ಣದಕಲ್ಲಿನ ಧೂಳು. ಇಷ್ಟು ದೂರ ವಿಮಾನದಲ್ಲಿ ಬಂದು ನಾನು ಒಗೆಯುವುದು ಅದೇ ಬಟ್ಟೆ.

ಇವತ್ತು ನಿನಗೊಂದು ತಿಂಡಿಯ ಸುದ್ದಿ ಹೇಳಬೇಕು. ನಡುವೆ ಬೈಯಬೇಡ, ಪೂರ್ತಿ ಓದಿ ಆಮೇಲೆ ಬೈ.

ನಮ್ಮ ಮನೆಯ ಹಿಂದಿನ ಓಣಿಯ ತುದಿಗೆ ದೊಡ್ಡ ಮರದ ಕೆಳಗೆ ಒಬ್ಬ ಚೀನಿ ಹೆಂಗಸಿನ ಗಾಡಿ ಇದೆ. ಅವಳ ಹೆಸರು ಚಾನ್. ನಾನು ನಮ್ಮ ಕಡೆಯಂತೆ ಚಾನ್‌ಬಾಯಿ ಅನ್ನುತ್ತೇನೆ, ಅವಳೂ ಓಗೊಡುತ್ತಾಳೆ. ಪೊಪಿಯಾ ಅಂತ ಒಂದು ಸುರುಳಿ ಮಾಡುತ್ತಾಳೆ. ಗೋಧಿಹಿಟ್ಟಿನ ತೆಳ್ಳನೆಯ ಹಾಳೆ, ಹಿಂದೆ ಕೈ ಹಿಡಿದರೆ ಬೆರಳು ಕಾಣಬೇಕು. ಅದರ ಮೇಲೆ ಹಸಿರು ಎಲೆ, ಬೆರಳುದ್ದ ಮೊಳಕೆ ಬಂದ ಹೆಸರು, ಗಜ್ಜರಿ, ಮತ್ತೆ ಒಂದು ಗಡ್ಡೆಯನ್ನು ಎಳೆ ಎಳೆಯಾಗಿ ಹೆಚ್ಚಿ ಮೆತ್ತಗೆ ಬೇಯಿಸಿದ್ದು. ಆ ಗಡ್ಡೆ ನಮ್ಮಲ್ಲಿಲ್ಲ. ಮೂಲಂಗಿಗೆ ಬೆಲ್ಲ ಹಚ್ಚಿದಂಥ ರುಚಿ. ಮೇಲೆ ಖಾರ ಸವರಿ, ಶೇಂಗಾಪುಡಿ ಉದುರಿಸಿ ಸುತ್ತಿ ಕೊಡುತ್ತಾಳೆ. ಕರಿಯುವುದಿಲ್ಲ, ಎಣ್ಣೆಯ ಮಾತೇ ಇಲ್ಲ.

ಉಳಿದ ದಿನ ಅದರಲ್ಲಿ ಏನೇನೋ ಹಾಕುತ್ತಾಳೆ, ನಾವು ಆ ಕಡೆ ನೋಡುವುದಿಲ್ಲ. ಆದರೆ ಹುಣ್ಣಿಮೆಗೆ ಮತ್ತು ಅಮಾವಾಸ್ಯೆಯ ಮರುದಿನ ಅವಳದು ವ್ರತ. ಅವತ್ತು ಬೇರೆ ಪಾತ್ರೆ, ಬೇರೆ ಚಾಕು. ಮಾಂಸ ಮೀನು ತತ್ತಿ ಏನೂ ಇಲ್ಲ. ಇನ್ನೂ ಕೇಳು, ಉಳ್ಳಾಗಡ್ಡಿ ಬಳ್ಳೊಳ್ಳಿಯೂ ಇಲ್ಲ!

ಜ್ವರದಲ್ಲಿ ಬಾಯಿ ಸತ್ತುಹೋಗಿತ್ತು. ಅನ್ನ ಕಂಡರೆ ಆಗುತ್ತಿರಲಿಲ್ಲ. ಮೊನ್ನೆ ಹುಣ್ಣಿಮೆಯ ಸಂಜೆ ಇವರು ಒತ್ತಾಯ ಮಾಡಿ ಓಣಿಯ ತುದಿಯವರೆಗೆ ನಡೆಸಿಕೊಂಡು ಹೋದರು. ಚಾನ್‌ಬಾಯಿ ನನ್ನ ಮುಖ ನೋಡಿದಳು, ತಟ್ಟೆ ತೆಗೆಯಲಿಲ್ಲ, ಸುತ್ತಿದ್ದನ್ನು ಸೀದಾ ನನ್ನ ಕೈಗೆ ಇಟ್ಟಳು. ಕಚ್ಚಿದೆ. ಹಾಳೆ ಮೆತ್ತಗೆ, ಒಳಗೆ ಬೆಚ್ಚಗೆ, ಮೊಳಕೆ ತಣ್ಣಗೆ, ನಡುವೆ ಶೇಂಗಾ ಕಟುಂ ಅಂತು. ರಸ ಮುಂಗೈವರೆಗೆ ಇಳಿಯಿತು. ನಾನು ಸಣ್ಣವಳಿದ್ದಾಗ ನೀನು ಶಾಲೆಗೆ ಹೋಗುವ ಅವಸರದಲ್ಲಿ ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ, ಎಣ್ಣೆ ಸವರಿ, ಸುರುಳಿ ಸುತ್ತಿ ಕೊಟ್ಟು, "ಕೆಳಗ ಬೆರಳು ಒತ್ತಿ ಹಿಡಿ, ಎಣ್ಣಿ ಸೋರ್ತದ" ಅನ್ನುತ್ತಿದ್ದೆಯಲ್ಲ, ಅದು ನೆನಪಾಗಿ ರಸ್ತೆಯಲ್ಲೇ ಅತ್ತೆ. ಚಾನ್‌ಬಾಯಿ ಖಾರ ಹೆಚ್ಚಾಯಿತು ಅಂದುಕೊಂಡು ನೀರು ಕೊಟ್ಟಳು.

ಅವ್ವಾ, ಮುಖ್ಯ ಮಾತಿಗೆ ಬರುತ್ತೇನೆ. ಕಂಪನಿಯವರು ವರ್ಷಕ್ಕೊಮ್ಮೆ ಮನೆಯ ಹಿರಿಯರೊಬ್ಬರಿಗೆ ಟಿಕೆಟ್ ಕೊಡುತ್ತಾರೆ. ಮುಂದಿನ ಬೇಸಿಗೆ ರಜೆಗೆ ನೀನು ಬಾ. ಆದರೆ ವಾಡಿಗೆ ಬಂದಂತೆ ಬರಬೇಡ. ಅಂದು ನನ್ನ ಮನೆಯ ಹೊಸ್ತಿಲು ದಾಟಿ ಬಂದು, ನಾನು ಕೊಟ್ಟ ನೀರಿನ ತಂಬಿಗೆ ಮುಟ್ಟದೆ, ನೀನು ಕಟ್ಟಿಕೊಂಡು ಬಂದ ಬುತ್ತಿಯನ್ನು ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಉಂಡು ಹೋದೆ. ಮಕ್ಕಳಾಗದ ಮಗಳ ಮನೆಯಲ್ಲಿ ತಾಯಿ ನೀರು ಕುಡಿಯಬಾರದು ಅಂತ ಶಾಸ್ತ್ರ. ಇರಲಿ. ನಾನು ಒಂದೇ ಒಂದು ಸಲ ನಿನಗೆ ನನ್ನ ಮನೆಯಲ್ಲಿ ಉಣ್ಣಿಸಬೇಕು. ಬೇರೇನೂ ಬೇಡ.

ಅಪ್ಪನಿಗೆ ನಮಸ್ಕಾರ ಹೇಳು.

ನಿನ್ನ ಮಗಳು,
ಪ್ರಮಿ


ಸೇಡಂ
8 ಜುಲೈ 1998

ಚಿ. ಸೌ. ಪ್ರಮಿತಾಗೆ ನಿನ್ನ ಅವ್ವನ ಆಶೀರ್ವಾದ.

ಇಲ್ಲಿ ಸರ್ವರೂ ಕ್ಷೇಮ ಅಂತ ಬರೆಯುವುದು ರೂಢಿ. ನಲ್ಲಿಯಲ್ಲಿ ನೀರಿಲ್ಲ, ಶಾಲೆಯಲ್ಲಿ ಮೂರನೇ ಇಯತ್ತೆಯ ಮಾಡು ಸೋರುತ್ತದೆ, ನಿಮ್ಮಪ್ಪನ ಮೊಣಕಾಲು ನೋಯುತ್ತದೆ. ಇವಿಷ್ಟು ಬಿಟ್ಟರೆ ಕ್ಷೇಮ.

ಅಲ್ಲೇ ತಾಯಿ, ಬರೆಯುವುದಕ್ಕೆ ಹೊತ್ತುಗೊತ್ತು ಬೇಡವೇನು? ಏಕಾದಶಿ ಕಳೆದು ಶಾಕವ್ರತ ಹಿಡಿದಿದ್ದೇವೆ. ಒಂದು ತಿಂಗಳು ತರಕಾರಿ ಮುಟ್ಟುವಂತಿಲ್ಲ. ಹೆಸರುಬೇಳೆ, ಜೀರಿಗೆ, ಮೆಣಸು ಅಂತ ದಿನ ದೂಡುತ್ತಿರುವಾಗ ನಿನ್ನ ಪತ್ರ ಒಂದು ಬುಟ್ಟಿ ಕಾಯಿಪಲ್ಯೆ ಹೊತ್ತುಕೊಂಡು ಬಂತು. ನಿಮ್ಮಪ್ಪ ಗಟ್ಟಿಯಾಗಿ ಓದಿದರು. ಹಸಿರು ಎಲೆ, ಗಜ್ಜರಿ ಅನ್ನುವಲ್ಲಿ ದನಿ ನಡುಗಿತು. "ಇದನ್ನ ವ್ರತ ಮುಗದಮ್ಯಾಲೆ ಓದೂಣು, ಎತ್ತಿಡು" ಅಂದರು. ಎತ್ತಿಟ್ಟ ಮೇಲೆ ಎರಡು ಸಲ ತೆಗೆದು ಓದಿದ್ದನ್ನು ನಾನು ನೋಡಿದ್ದೇನೆ. ಪೊಪಿಯಾ ಅನ್ನಲು ಬಾಯಿ ತಿರುಗದೆ ಪಾಪಯ್ಯ ಅಂತ ಕರೆಯುತ್ತಾರೆ.

ಉಳ್ಳಾಗಡ್ಡಿ ಬಳ್ಳೊಳ್ಳಿ ಮುಟ್ಟದ ಚೀನಿ ಹೆಂಗಸು! ಅವಳ ಗೋತ್ರ ಯಾವುದು ಕೇಳು. ನಮ್ಮ ಪೈಕಿ ಯಾರಾದರೂ ಹಿಂದೆ ಆ ಕಡೆ ಹೋಗಿ ಉಳಿದುಕೊಂಡಿರಬೇಕು.

ಬೀದಿಯಲ್ಲಿ ನಿಂತು ತಿಂದೆ ಅಂತ ನಾನು ಬೈಯುವುದಿಲ್ಲ. ಬಾಯಿ ಸತ್ತಾಗ ಯಾರ ಕೈಯಿಂದ ರುಚಿ ಬಂತೋ ಅವರು ದೊಡ್ಡವರು. ಆದರೆ ಮೂರು ಹಾಳೆ ಪತ್ರದಲ್ಲಿ ಎರಡು ಹಾಳೆ ಸುರುಳಿಗೆ ಕೊಟ್ಟು, ಜ್ವರಕ್ಕೆ ಒಂದೇ ಸಾಲು ಕೊಟ್ಟಿದ್ದೀ. ಏನು ಜ್ವರ ಅದು? ಎಷ್ಟು ದಿನ ಇತ್ತು? ಹಾಸಿಗೆ ಹಿಡಿದಿದ್ದೆಯೇನು? ನಾನು ಶಾಲೆಯಲ್ಲಿ ಮಕ್ಕಳಿಗೆ ನಿಬಂಧ ಬರೆಸುವವಳು. ಎಲ್ಲಿ ಉದ್ದ ಬರೆದಿದ್ದಾರೆ, ಎಲ್ಲಿ ಹಾರಿಸಿದ್ದಾರೆ ಅನ್ನುವುದು ನನಗೆ ಗೊತ್ತಾಗುತ್ತದೆ.

ನೀರಿನ ವಿಷಯ. ಪ್ರಮಿ, ಅದು ಹಟ ಅಲ್ಲ. ಮಗಳ ಉಡಿ ತುಂಬಲಿ, ಆಮೇಲೆ ಒಂದು ತಂಬಿಗೆ ಏನು, ನಿನ್ನ ಮನೆಯಲ್ಲಿ ಒಂದು ಹಂಡೆ ನೀರು ಕುಡಿಯುತ್ತೇನೆ. ಬಾಣಂತನ ಮಾಡಿಕೊಂಡು ಮೂರು ತಿಂಗಳು ನಿನ್ನ ಅಡುಗೆಮನೆಯಲ್ಲೇ ಇರುತ್ತೇನೆ. ನೀನು ಕರೆಯುವುದಕ್ಕಿಂತ ಹೆಚ್ಚು ನನಗೆ ಬರುವ ಆಸೆ ಇದೆ. ಈಗಷ್ಟೇ ಒತ್ತಾಯ ಮಾಡಬೇಡ.

ಅಳಿಯದೇವರಿಗೆ ಆಶೀರ್ವಾದ. ಗಣಿಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳು.

ಇಂತಿ ನಿನ್ನ ಅವ್ವ,
ಲೀಲಾಬಾಯಿ


ಇಪೋ
25 ಜುಲೈ 1998

ಅವ್ವಾ,

ಪತ್ರ ಮುಟ್ಟಿತು. ಪಾಪಯ್ಯ ಓದಿ ಇವರು ನಕ್ಕು ನಕ್ಕು ಸಾಕಾದರು. ಈಗ ನಮ್ಮ ಮನೆಯಲ್ಲೂ ಅದೇ ಹೆಸರು.

ಚಾನ್‌ಬಾಯಿಗೆ ಗೋತ್ರ ಕೇಳುವಷ್ಟು ನನಗೆ ಅವಳ ಭಾಷೆ ಬರುವುದಿಲ್ಲ, ಅವಳಿಗೆ ನನ್ನದು ಬರುವುದಿಲ್ಲ. ಮುರುಕು ಇಂಗ್ಲಿಷಿನಲ್ಲಿ ನಡೆಯುತ್ತದೆ. ಅವಳ ಬಾಯಿ ಬಹಳ ಜೋರು. ಸುರುಳಿ ಕೈಗೆ ಬಂದ ಮೇಲೆ ಮಾತಾಡುತ್ತಾ ನಿಂತರೆ ಅವಳಿಗೆ ಸಿಟ್ಟು. ಹಾಳೆ ನೆನೆದು ಹರಿಯುವುದರೊಳಗೆ ತಿನ್ನಬೇಕು. ಗಂಡ ಹೆಂಡತಿ ಜಗಳವಾಡುತ್ತಾ ನಿಂತಿದ್ದರು ಅಂತ ಒಮ್ಮೆ ಇಬ್ಬರ ಕೈಯಿಂದಲೂ ಕಸಿದುಕೊಂಡಳಂತೆ.

ಅಪ್ಪಗೆ ಪಾಪಯ್ಯನ ಮೇಲೆ ಅಷ್ಟು ಆಸೆಯಾಗಿದ್ದರೆ ಹಾಳೆ ಮಾಡುವ ಕ್ರಮ ಹೇಳುತ್ತೇನೆ. ಹಿಟ್ಟನ್ನು ಸಡಿಲವಾಗಿ, ಆದರೆ ಜಿಗುಟಾಗಿ ನಾದುತ್ತಾಳೆ. ಆ ಮುದ್ದೆ ಕೈಯಲ್ಲಿ ನಿಲ್ಲುವುದಿಲ್ಲ, ಜಾರುತ್ತಲೇ ಇರುತ್ತದೆ. ಅವಳು ಅದನ್ನು ಕುಣಿಸುತ್ತಾ ಕಾದ ಹಂಚಿಗೆ ಒಂದು ಸಲ ಒತ್ತಿ, ಗಕ್ಕನೆ ಎತ್ತುತ್ತಾಳೆ. ಹಂಚಿನ ಮೇಲೆ ತೆಳ್ಳನೆಯ ಪೊರೆ ಉಳಿಯುತ್ತದೆ. ಅದೇ ಹಾಳೆ.

ಇಲ್ಲಿ ದಿನಾ ಮಧ್ಯಾಹ್ನ ಮಳೆ. ಸೇಡಮ್ಮಿನಲ್ಲಿ ಮಳೆ ಹೇಗಿದೆ? ತೊಗರಿ ಬಿತ್ತಿದರೇನು? ಅಪ್ಪನ ಮೊಣಕಾಲಿಗೆ ಇಲ್ಲಿನ ಒಂದು ಎಣ್ಣೆ ಕಳಿಸುತ್ತಿದ್ದೇನೆ, ವಾಸನೆಗೆ ಹೆದರಬೇಡಿರಿ.

ಹಾಸಿಗೆ ಹಿಡಿದಿರಲಿಲ್ಲ.

ನಿನ್ನ
ಪ್ರಮಿ


ಸೇಡಂ
20 ಆಗಸ್ಟ್ 1998

ಚಿ. ಸೌ. ಪ್ರಮಿಗೆ ಆಶೀರ್ವಾದ.

ಜ್ವರಕ್ಕೆ ಈ ಸಲವೂ ಒಂದೇ ಸಾಲು. ಇರಲಿ, ನೀನು ಹೇಳುವ ತನಕ ಕಾಯುತ್ತೇನೆ.

ಶಾಕವ್ರತ ಮುಗಿದ ಮರುದಿನವೇ ನಿನ್ನ ಪಾಪಯ್ಯನನ್ನು ಮಾಡಲು ಕೂತೆ. ನಮ್ಮ ಶಾಲೆಯ ಉರ್ದು ಟೀಚರು ರಶೀದಾಬೇಗಂ ಗೊತ್ತಲ್ಲ, ಹಿತ್ತಲ ಗೋಡೆಯ ಆಚೆ ಈಗ ಅವರದೇ ಮನೆ. ಗೋಡೆಯ ಮೇಲಿಂದ ನೋಡುತ್ತಾ ನಿಂತರು. ನಾನು ಹಿಟ್ಟಿನ ಮುದ್ದೆ ಕುಣಿಸಿದೆ. ಅದು ಒಂದು ಸಲ ಕುಣಿದು, ಎರಡನೇ ಸಲಕ್ಕೆ ಕೈಬಿಟ್ಟು, ಪೂರ್ತಿ ಹಂಚಿನ ಮೇಲೆ ಬಿತ್ತು. ಎತ್ತಲು ಹೋಗಿ ಬೆರಳು ಸುಟ್ಟುಕೊಂಡೆ. "ಟೀಚರ್, ಇದು ರೊಟ್ಟಿನೂ ಅಲ್ಲ, ಭಕ್ಷ್ಯನೂ ಅಲ್ಲ. ಏನ್ ಮಾಡ್ಲಿಕತ್ತೀರಿ?" ಅಂದರು. "ಮಲೇಷಿಯಾದ ಸುರುಳಿ ರೀ" ಅಂದೆ. "ಹಂಗಾದ್ರ ಮಲೇಷಿಯಾಕ್ಕೇ ಹೋಗಿ ತಿಂದು ಬರ್ರಿ, ಹಂಚರೆ ಉಳೀತದ" ಅಂದು ಬಿದ್ದು ಬಿದ್ದು ನಕ್ಕರು. ಕೊನೆಗೆ ಜೋಳದ ರೊಟ್ಟಿಯನ್ನೇ ತೆಳ್ಳಗೆ ಬಡಿದು, ಗಜ್ಜರಿ, ಮೊಳಕೆ ಹೆಸರು, ಶೇಂಗಾಪುಡಿ ತುಂಬಿ ನಿಮ್ಮಪ್ಪಗೆ ಕೊಟ್ಟೆ. ಮೂರು ತಿಂದರು. ಪಾಪಯ್ಯ ಬಹಳ ಸಂಭಾವಿತ ಮನುಷ್ಯ ಅಂದರು.

ರಶೀದಾಬೇಗಂ ನಗುತ್ತಾ ಆಡಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಪಂಚಾಂಗ ನೋಡಿದಾಗಲೆಲ್ಲ ಹುಣ್ಣಿಮೆಯ ಮೇಲೇ ಕಣ್ಣು ಹೋಗುತ್ತದೆ. ನೂಲಹುಣ್ಣಿಮೆಯ ದಿನ ನಿಮ್ಮಪ್ಪಗೆ ಹೊಸ ಜನಿವಾರ, ಮನೆ ತುಂಬ ಮಂದಿ. ಸಂಜೆ ನಾನು ಮಾತ್ರ, ಈ ಹೊತ್ತಿಗೆ ಪ್ರಮಿ ಆ ಮರದ ಕೆಳಗೆ ನಿಂತಿರಬೇಕು, ಕೈಯಲ್ಲಿ ಸುರುಳಿ ಇರಬೇಕು ಅಂತ ಬಾಗಿಲಲ್ಲಿ ನಿಂತೆ. ಬೂತಿಗೆ ಹೋಗಿ ಫೋನು ಮಾಡಿದರೆ ಹಲೋ ಹಲೋ ಅನ್ನುವುದರಲ್ಲೇ ಹೊತ್ತು ಹೋಗುತ್ತದೆ. ನಿನ್ನ ಮುಖ ನೋಡಬೇಕು.

ಅದಕ್ಕೆ ಒಂದು ದಾರಿ ಹುಡುಕಿದ್ದೇನೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಬಿಟ್ಟೆ! ಬೇಸಿಗೆ ರಜೆಗೆ ಬರುತ್ತೇನೆ. ನಿನ್ನ ಮನೆಯಲ್ಲಿ ಇರುತ್ತೇನೆ, ಮಲಗುತ್ತೇನೆ, ನಿನ್ನ ತಲೆಗೆ ಎಣ್ಣೆ ಹಚ್ಚುತ್ತೇನೆ. ಊಟದ ಚಿಂತೆ ಬೇಡ. ಅವಲಕ್ಕಿ, ಮೆಂತೆಹಿಟ್ಟು, ರೊಟ್ಟಿ ಎಲ್ಲ ಇಲ್ಲಿಂದ ತರುತ್ತೇನೆ. ಹುಣ್ಣಿಮೆಯ ದಿನ ಚಾನ್‌ಬಾಯಿಯ ಗಾಡಿಯ ಮುಂದೆ ನಾವಿಬ್ಬರೂ ನಿಂತು ಸುರುಳಿ ತಿನ್ನೋಣ. ಗಾಡಿ ನಿನ್ನ ಮನೆಯಲ್ಲ, ಬೀದಿ. ಶಾಸ್ತ್ರಕ್ಕೆ ಅಡ್ಡಿಯಿಲ್ಲ. ನಾನು ಹುಟ್ಟಿದಾಗಿನಿಂದ ಹೊರಗೆ ಒಂದು ಕಪ್ ಚಹಾ ಕುಡಿದವಳಲ್ಲ, ಚಿತ್ತಾಪುರದ ತವರಿಗೆ ಹೋದರೂ ಬುತ್ತಿ ಕಟ್ಟಿಕೊಂಡು ಹೋದವಳು. ಆದರೂ ಆಗಲಿ, ನಿನ್ನ ಸಲುವಾಗಿ ಬೀದಿಯಲ್ಲಿ ತಿನ್ನುತ್ತೇನೆ. ಈಗಲಾದರೂ ಸಮಾಧಾನವೇನು?

ಇಂತಿ,
ಅವ್ವ


ಇಪೋ
10 ಸೆಪ್ಟೆಂಬರ್ 1998

ಅವ್ವಾ,

ನಿನ್ನ ದಾರಿ ಓದಿದೆ. ಸಮಾಧಾನವಿಲ್ಲ.

ಹುಟ್ಟಿದಾಗಿನಿಂದ ಬಿಡದ ಆಚಾರವನ್ನು ಬಿಟ್ಟು, ಕುಲ ಗೋತ್ರ ತಿಳಿಯದ ಹೆಂಗಸು ಬೀದಿಯಲ್ಲಿ ಸುತ್ತಿ ಕೊಟ್ಟಿದ್ದನ್ನು ನೀನು ತಿನ್ನಬಲ್ಲೆ. ನಾನು ಸ್ನಾನ ಮಾಡಿ, ಮಡಿಯುಟ್ಟು, ನಿನ್ನಿಂದಲೇ ಕಲಿತ ಕೈಯಿಂದ ಮಾಡಿದ ಅನ್ನ ನಿನಗೆ ಆಗುವುದಿಲ್ಲ. ಬೀದಿಗಿಂತ ಕಡೆಯಾಯಿತೇನು ನನ್ನ ಮನೆ?

ಜ್ವರ ಏನು ಅಂತ ಕೇಳಿದ್ದೆಯಲ್ಲ. ಅದು ಜ್ವರ ಅಲ್ಲ. ವಾಡಿಯಲ್ಲಿ ಎರಡು ಸಲ ಆದದ್ದು ಇಲ್ಲಿ ಮೂರನೆಯ ಸಲ ಆಯಿತು. ಈ ಸಲ ನಾಲ್ಕು ತಿಂಗಳು ನಿಂತಿತ್ತು. ಐದು ತುಂಬಿದ ಮೇಲೆ ನಿನಗೆ ಬರೆಯೋಣ ಅಂತ ಇಬ್ಬರೂ ಬಾಯಿ ಕಟ್ಟಿಕೊಂಡು ಕೂತಿದ್ದೆವು. ಇನ್ನು ಮುಂದೆ ಆಗುವುದಿಲ್ಲ, ಆಗಗೊಡಲೂ ಬಾರದು, ನನ್ನ ಜೀವಕ್ಕೇ ಅಪಾಯ ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿಬಿಟ್ಟರು. ಇವರು ಸೈ ಅಂದಿದ್ದಾರೆ. ನಾನೂ ಅಂದಿದ್ದೇನೆ.

ಅಂದರೆ ಈಗ ನನ್ನ ಉಡಿ ಯಾವತ್ತೂ ತುಂಬುವುದಿಲ್ಲ. ನೀನು ಯಾವತ್ತೂ ನನ್ನ ಮನೆಯ ನೀರು ಕುಡಿಯುವುದಿಲ್ಲ. ನನ್ನ ಮನೆಯಲ್ಲಿ ಕೂತು ನೀನು ನಿನ್ನ ಗಂಟು ಬಿಚ್ಚಿ ಅವಲಕ್ಕಿ ತಿಂದರೆ, ಪ್ರತಿ ತುತ್ತಿಗೂ ನಿನಗೆ ಮಕ್ಕಳಿಲ್ಲ, ನಿನಗೆ ಮಕ್ಕಳಿಲ್ಲ ಅಂತ ನನಗೆ ಕೇಳಿಸುತ್ತದೆ. ಅದನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನೀನೂ ವಿಮಾನ ಹತ್ತಿ ಬಂದು ಹೇಳಬೇಕಾಗಿಲ್ಲ.

ಉಣ್ಣುವುದಿದ್ದರೆ ಬಾ. ಇಲ್ಲವಾದರೆ ಬರಬೇಡ.

ಪ್ರಮಿತಾ


ಸೇಡಂ
16 ಅಕ್ಟೋಬರ್ 1998

ಚಿ. ಸೌ. ಪ್ರಮಿತಾಗೆ ಅಪ್ಪನ ಆಶೀರ್ವಾದ.

ತಹಸೀಲ ಕಚೇರಿಯಲ್ಲಿ ಬರೆದೂ ಬರೆದೂ, 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅಂತ ಶುರು ಮಾಡದಿದ್ದರೆ ನನ್ನ ಪೆನ್ನು ಓಡುವುದಿಲ್ಲ. ಮೇಲ್ಕಂಡ ವಿಷಯ ನಿನ್ನ ತಾಯಿ.

ನಿನ್ನ ಪತ್ರವನ್ನು ಅವಳು ಬಾಗಿಲಲ್ಲೇ ನಿಂತು ಓದಿದಳು. ಮಡಿಚಿ ಚೀಲದಲ್ಲಿಟ್ಟುಕೊಂಡು ಶಾಲೆಗೆ ಹೋದಳು. ಸಂಜೆ ಬಂದು ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ಹರವಿ ತೊಳೆಯಲು ಕೂತಳು. ನಾನು ಪತ್ರ ಕೇಳಿ ಓದಿದೆ. ನನಗೆ ಅಕ್ಷರ ಕಾಣಲಿಲ್ಲ, ಕನ್ನಡಕ ಒರೆಸಿಕೊಂಡೆ, ಆದರೂ ಕಾಣಲಿಲ್ಲ. ನೀನು ಇಷ್ಟೆಲ್ಲ ಒಬ್ಬಳೇ ಅನುಭವಿಸಿದೆಯಲ್ಲ ತಾಯಿ.

ಈಗ ಒಂದು ಮಾತು ನಿನಗೆ ತಿಳಿಯಬೇಕು. ಅವಳು ಶಾಸ್ತ್ರ ಶಾಸ್ತ್ರ ಅನ್ನುತ್ತಾಳೆ. ಆ ಶಾಸ್ತ್ರವನ್ನು ಮಂದಿ ಎಂದೋ ಬಿಟ್ಟಿದ್ದಾರೆ. ಚಿಂಚೋಳಿಯ ನಿನ್ನ ಅತ್ತೆ, ತನ್ನ ಮಗಳ ಮದುವೆಯಾದ ತಿಂಗಳೊಪ್ಪತ್ತಿಗೇ ಬೀಗರ ಮನೆಯಲ್ಲಿ ಹೋಳಿಗೆ ಹೊಡೆದು ಬಂದಳು. ಯಾರೂ ಏನೂ ಅನ್ನಲಿಲ್ಲ. ನಿನ್ನ ತಾಯಿಯದು ಬೇರೆ. ವಾಡಿಯಲ್ಲಿ ನಿನಗೆ ಮೊದಲ ಸಲ ಹಾಗಾದಾಗ ಅವಳು ಮಳಖೇಡಕ್ಕೆ ಹೋಗಿ, ಕಾಗಿಣಾ ಹೊಳೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲಿ ಗುರುಗಳ ಬೃಂದಾವನದ ಮುಂದೆ ನಿಂತು ಹರಕೆ ಹೊತ್ತಳು. ಮಗಳ ಮನೆಗೆ ಹೋದಾಗ ಎಷ್ಟೇ ಹಸಿವೆ ನೀರಡಿಕೆ ಆದರೂ ಅಲ್ಲಿಯದೇನೂ ಮುಟ್ಟುವುದಿಲ್ಲ, ಆ ಹಸಿವೆಯನ್ನು ತೆಗೆದುಕೊಂಡು ಆಕೆಗೊಂದು ಕೂಸು ಕೊಡು ಅಂತ. ಆಮೇಲೆಯೇ ಅವಳು ನಿನ್ನ ಮನೆಗೆ ಬಂದದ್ದು. ಬೇಸಿಗೆಯಲ್ಲಿ ವಾಡಿಯಂಥ ಊರಿನಲ್ಲಿ ನೀರಿಲ್ಲದೆ ಕೂತಳು. ತಿರುಗಿ ಬಂದು ರಾತ್ರಿ ನನಗೆ ಹೇಳಿದಳು, "ಇವತ್ತ ಭಾಳ ನೀರಡಿಸಿತ್ತು ರೀ. ದೇವರಿಗೆ ಮುಟ್ಟಿರಬೇಕು."

ಮೊನ್ನೆ ನಾನೇ ಕೇಳಿದೆ, "ಡಾಕ್ಟರೇ ಆಗಂಗಿಲ್ಲ ಅಂದಮ್ಯಾಲೆ ಇನ್ಯಾಕ ಹಿಡಕೊಂಡು ಕುಂತಿ? ಬಿಡು." ಅಂದಳು, "ನಾ ಬಿಟ್ಟೆ ಅಂದ್ರ ಆಶಾನೂ ಬಿಟ್ಟಂಗ ಆಗ್ತದರೀ. ಆಕಿ ತಾಯಿ ಆಗೂದನ್ನ ನಾನೇ ಕೈಯಾರೆ ಮುಗಿಸಿದಂಗ ಆಗ್ತದ. ನನ್ನ ಕೈಲಾಗಂಗಿಲ್ಲ."

ಇದರಲ್ಲಿ ಯಾರದು ಸರಿ ಅಂತ ನಾನು ಷರಾ ಬರೆಯುವುದಿಲ್ಲ. ಅವಳು ನಿನ್ನನ್ನು ಕೀಳು ಮಾಡಲಿಲ್ಲ ಅನ್ನುವುದಷ್ಟೇ ನಿನಗೆ ತಿಳಿದಿರಲಿ. ನಾನು ಬರೆದದ್ದು ಅವಳಿಗೆ ಗೊತ್ತಿಲ್ಲ.

ಆಶೀರ್ವಾದಗಳೊಂದಿಗೆ,
ಪ್ರಹ್ಲಾದ


ಇಪೋ
6 ನವೆಂಬರ್ 1998

ಅವ್ವಾ,

ಅಪ್ಪ ಎಲ್ಲ ಬರೆದಿದ್ದಾನೆ. ಅವನಿಗೆ ಬೈಯಬೇಡ.

ಆ ದಿನ ನೀನು ಬಾಯಿ ಒಣಗಿಸಿಕೊಂಡು ಕೂತದ್ದು ನನಗೋಸ್ಕರ ಅಂತ ಗೊತ್ತಿರಲಿಲ್ಲ. ನೀನು ಹೋದ ಮೇಲೆ ನಾನು ಆ ತಂಬಿಗೆಯ ನೀರನ್ನು ತುಳಸಿಗೆ ಹಾಕಿ ಅತ್ತಿದ್ದೆ. ನೀನು ಅಲ್ಲಿ ಬೆಂಚಿನ ಮೇಲೆ ಕೂತು ದೇವರಿಗೆ ಹೇಳಿಕೊಳ್ಳುತ್ತಿದ್ದೆ. ಇಬ್ಬರ ನಡುವೆ ಅರ್ಧ ಮೈಲು ಇತ್ತೋ ಇಲ್ಲವೋ. ಒಬ್ಬರಿಗೊಬ್ಬರು ಹೇಳಿದ್ದರೆ ಏನಾಗುತ್ತಿತ್ತು?

ಸಿಟ್ಟಿನಲ್ಲಿ ಬರೆದ ಪತ್ರ ಅದು. ಬರಬೇಡ ಅಂದದ್ದು ಸುಳ್ಳು. ಆದರೆ ಉಳಿದದ್ದು ಸುಳ್ಳಲ್ಲ.

ಮೊನ್ನೆ ಹುಣ್ಣಿಮೆಗೆ ಹೋಗಿದ್ದೆ. ಮಳೆ ಬಂದು ಗಾಡಿಗೆ ತಾಡಪತ್ರಿ ಹೊದಿಸಿದ್ದಳು. ಅದರ ಕೆಳಗೆ ನಾವು ನಾಲ್ಕಾರು ಮಂದಿ ಒತ್ತಿಕೊಂಡು ನಿಂತು ತಿಂದೆವು. ನನ್ನ ಪಕ್ಕದಲ್ಲಿ ಒಬ್ಬ ಮುದುಕಿ ಮತ್ತು ಅವಳ ಮಗಳು. ಮಗಳಿಗೆ ನನಗಿಂತ ಹೆಚ್ಚು ವಯಸ್ಸು, ತಲೆ ನರೆತಿತ್ತು. ಮುದುಕಿಗೆ ಹಲ್ಲಿಲ್ಲ. ಮಗಳು ಸುರುಳಿಯನ್ನು ಸಣ್ಣ ಸಣ್ಣ ತುಂಡು ಮಾಡಿ ತಾಯಿಯ ಬಾಯಿಗೆ ಇಡುತ್ತಿದ್ದಳು. ಮಳೆ ನಿಂತರೂ ಅವರು ಹೋಗಲಿಲ್ಲ, ನಾನೂ ಹೋಗಲಿಲ್ಲ. ನೋಡುತ್ತಾ ನಿಂತುಬಿಟ್ಟೆ. ನನಗೆ ಬೇಕಾದದ್ದು ಇಷ್ಟೇ ಅವ್ವಾ.

ಕೂಸು ಬರಲಿಲ್ಲ. ನನಗೆ ದುಃಖವಿಲ್ಲ ಅಂತ ಹೇಳುವುದಿಲ್ಲ, ಬಹಳ ಇದೆ. ಆದರೆ ನಾನು ಬಂದಿದ್ದೇನಲ್ಲ, ನಿನ್ನ ಹೊಟ್ಟೆಯಿಂದ. ನೀನು ಉಣ್ಣಲು ನಾನೊಬ್ಬಳು ಸಾಲದೇನು?

ಇನ್ನು ಈ ಮಾತು ಎತ್ತುವುದಿಲ್ಲ. ನೀನು ಬಂದಾಗ ನೀರು ಬೇಕೇನು ಅಂತಲೂ ಕೇಳುವುದಿಲ್ಲ. ಕೇಳಿ ಇಲ್ಲ ಅನ್ನಿಸಿಕೊಳ್ಳುವ ಶಕ್ತಿ ನನಗಿಲ್ಲ. ಸುಮ್ಮನೆ ಬಾ.

ನಿನ್ನ
ಪ್ರಮಿ


ಸೇಡಂ
14 ಫೆಬ್ರುವರಿ 1999

ಚಿ. ಸೌ. ಪ್ರಮಿಗೆ,

ಇಷ್ಟು ದಿನ ಬರೆಯಲಿಲ್ಲ.

ಪಾಸ್‌ಪೋರ್ಟು ಬಂತು. ಫೋಟೋದಲ್ಲಿ ಯಾರದೋ ಕೋಳಿ ಕದ್ದವಳಂತೆ ಕಾಣುತ್ತೇನೆ. ಪೋಲೀಸರು ಮನೆಗೆ ಬಂದು ವಿಚಾರಿಸಿ ಹೋದ ದಿನ ಓಣಿಯೆಲ್ಲ ಬಾಗಿಲಲ್ಲಿತ್ತು. ರಶೀದಾಬೇಗಂ ಪೋಲೀಸನಿಗೆ "ಭಾಳ ಛಲೋ ಮಂದಿ ಸಾಹೇಬ್ರ, ಹಂಚು ಒಂದು ಸುಡ್ತಾರ" ಅಂತ ಸಾಕ್ಷಿ ಹೇಳಿದರು.

ಏಪ್ರಿಲ್ ಕೊನೆಗೆ ವಾಡಿಯಿಂದ ಮದ್ರಾಸಿನ ಗಾಡಿ ಹತ್ತಿ, ಅಲ್ಲಿಂದ ವಿಮಾನದಲ್ಲಿ ಬರುತ್ತೇನೆ. ಅಳಿಯದೇವರು ಕಳಿಸಿದ ಟಿಕೆಟ್ ಮುಟ್ಟಿದೆ. ನಿಮ್ಮಪ್ಪನಿಗೆ ದೇವಸ್ಥಾನದಲ್ಲಿ ಪೂಜೆಯ ಪಾಳಿ ಇದೆ, ಅವರು ಇಲ್ಲೇ ಇರುತ್ತಾರೆ.

ನಾನೊಬ್ಬಳು ಸಾಲದೇನು ಅಂತ ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ಆಗಲಿಲ್ಲ. ಅದೇ ಗಂಟನ್ನು ಕಟ್ಟಿಕೊಂಡು ಬರುತ್ತಿದ್ದೇನೆ.

ಅವ್ವ


ಇಪೋ
2 ಮೇ 1999

ಪ್ರಮಿಯ ಅಪ್ಪನವರಿಗೆ ಲೀಲಾಬಾಯಿಯ ನಮಸ್ಕಾರ.

ಸುಖವಾಗಿ ಬಂದು ಮುಟ್ಟಿದ್ದು ಫೋನಿನಲ್ಲಿ ತಿಳಿಸಿದ್ದೇನೆ. ಉಳಿದದ್ದು ಫೋನಿನಲ್ಲಿ ಹೇಳಲು ಬರುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂತು ಓದಿರಿ.

ನಾನು ಮುಟ್ಟಿದ ದಿನ ಹುಣ್ಣಿಮೆ. ನಡುಮಧ್ಯಾಹ್ನ ಅಳಿಯದೇವರು ಮನೆಗೆ ಕರೆದುಕೊಂಡು ಬಂದರು. ಪ್ರಮಿ ಬಹಳ ಇಳಿದಿದ್ದಾಳೆ. ಬಾಗಿಲಲ್ಲಿ ಅಪ್ಪಿಕೊಂಡಳು, ಕಾಲಿಗೆ ಬಿದ್ದಳು, ಚೀಲ ಒಳಗಿಟ್ಟಳು. ನೀರು ತರಲಿಲ್ಲ. ಕೇಳಲೂ ಇಲ್ಲ. ನನ್ನ ಬಾಟಲಿಯ ನೀರು ದಾರಿಯಲ್ಲೇ ಮುಗಿದಿತ್ತು. ಅವಳು ಅಡುಗೆಮನೆಯ ಬಾಗಿಲಿಗೆ ಹೋಗುವುದು, ಏನೋ ನೆನಪಾದವಳಂತೆ ತಿರುಗಿ ಬರುವುದು, ಹೀಗೆ ಮಾಡುತ್ತಿದ್ದಳು. ನಾನು ಸ್ನಾನ ಮಾಡಿ, ಜಪ ಮಾಡಿ, ನಾಲಿಗೆ ಒಣಗಿಸಿಕೊಂಡು ಕೂತೆ. ನಮ್ಮ ಸೇಡಮ್ಮಿನ ಸುದ್ದಿ, ಶಾಲೆಯ ಸುದ್ದಿ ಎಲ್ಲ ಆಡಿದೆವು, ಆ ಒಂದು ಮಾತು ಬಿಟ್ಟು.

ಸಂಜೆ ಅವಳೇ "ನಡಿ ಅವ್ವಾ, ಚಾನ್‌ಬಾಯಿನ್ನ ನೋಡಬೇಕಂತಿದ್ದಿ" ಅಂದಳು. ಹೋದೆವು. ನೀವು ನೋಡಬೇಕು ರೀ ಆ ಕೈಚಳಕ. ಆ ಹೆಂಗಸು ಹಿಟ್ಟು ಕುಣಿಸುವುದನ್ನು ನೋಡಿ ನನ್ನ ಸುಟ್ಟ ಬೆರಳಿಗೆ ನಾಚಿಕೆಯಾಯಿತು. ಇವಳು ನನ್ನ ತಾಯಿ ಅಂತ ಪ್ರಮಿ ಹೇಳಿದ್ದೇ ತಡ, ಚಾನ್‌ಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಎಲ್ಲವನ್ನೂ ಎರಡೆರಡು ಚಿಟಿಕೆ ಹೆಚ್ಚು ಹಾಕಿ ಸುತ್ತಿ ಕೈಗೆ ಕೊಟ್ಟಳು. ಬೆಚ್ಚಗಿತ್ತು. ಶೇಂಗಾದ ವಾಸನೆ ಮೂಗಿಗೆ ಬಡಿಯಿತು. ಹಸಿವೆ ನೀರಡಿಕೆ ಎರಡೂ ಇದ್ದವು. ಬೀದಿಯದು, ದೋಷವಿಲ್ಲ, ನಾನೇ ಹುಡುಕಿದ ದಾರಿ. ಬಾಯಿಯ ಹತ್ತಿರ ತಂದೆ.

ಆಗ ಪ್ರಮಿಯ ಕಡೆ ನೋಡಿದೆ. ಅವಳು ಸ್ವಲ್ಪ ದೂರ ಸರಿದು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ನಾನು ತಿನ್ನುವುದನ್ನು ನೋಡಲಾರದೆ ಹಾಗೆ ನಿಂತಿದ್ದಳು. ಮಳೆಯಲ್ಲಿ ನಿಂತು ಯಾರದೋ ತಾಯಿ ಮಗಳನ್ನು ನೋಡಿದವಳು, ತನ್ನ ತಾಯಿಯನ್ನು ನೋಡಲಾರದೆ ನಿಂತಿದ್ದಾಳೆ. ನನಗೆ ಆ ತುತ್ತು ಬಾಯಿಗೆ ಹೋಗಲಿಲ್ಲ.

"ಪ್ರಮಿ, ಇಲ್ಲಿ ಬ್ಯಾಡವ್ವ. ಹಾಳಿ, ಪಲ್ಯ ಎಲ್ಲಾ ಬ್ಯಾರೆ ಬ್ಯಾರೆ ಕಟ್ಟಿಸ್ಕೊ. ಮನಿಗೆ ಹೋಗೂಣು, ನೀ ಸುತ್ತಿ ಕೊಡು" ಅಂದೆ.

ಅವಳಿಗೆ ತಿಳಿಯಲಿಲ್ಲ. ಮತ್ತೆ ಹೇಳಿದೆ. ಚಾನ್‌ಬಾಯಿಗಂತೂ ಬಹಳ ಸಿಟ್ಟು ಬಂತು. ತನ್ನ ಕೈಯಲ್ಲಿ ಏನು ಕೊರತೆ ಕಂಡಳು ಈ ಮುದುಕಿ ಅಂತಲೇ ಇರಬೇಕು, ಅವಳ ಭಾಷೆಯಲ್ಲಿ ಬೈದಳು, ಬೈಯುತ್ತಲೇ ಕಟ್ಟಿ ಕೊಟ್ಟಳು.

ಮನೆಗೆ ಬಂದು ಕಾಲು ತೊಳೆದು ಅಡುಗೆಮನೆಯಲ್ಲಿ ನೆಲಕ್ಕೆ ಕೂತೆ. ಮನಸ್ಸಿನಲ್ಲೇ ಗುರುಗಳಿಗೆ ಕೈ ಮುಗಿದೆ. ಇಷ್ಟು ವರ್ಷ ಆ ಕೂಸನ್ನು ಕೇಳಿದೆ, ಇನ್ನು ಕೇಳುವುದಿಲ್ಲ, ಇದ್ದ ಮಗಳನ್ನು ನನಗೆ ಬಿಟ್ಟುಕೊಡಿರಿ ಅಂದೆ. ಆಮೇಲೆ ಬಾಯಿಬಿಟ್ಟು ಹೇಳಿದೆ, "ಪ್ರಮಿ, ನೀರು ಕೊಡು. ಭಾಳ ನೀರಡಿಸೇದ."

ಅವಳು ಲೋಟ ತುಂಬಿಕೊಂಡು ಬಂದು ಮುಂದೆ ಇಟ್ಟಳು. ಅವಸರದಲ್ಲಿ ಅರ್ಧ ನೆಲಕ್ಕೆ ಚೆಲ್ಲಿತು. ಉಳಿದದ್ದನ್ನು ಕುಡಿದೆ. ಲೋಟ ಕೆಳಗಿಟ್ಟೆ. ಆ ಕ್ಷಣಕ್ಕೆ ಇಬ್ಬರಿಗೂ ಗೊತ್ತಾಯಿತು ರೀ, ಇನ್ನು ಕೂಸು ಬರುವುದಿಲ್ಲ ಅಂತ. ಇಷ್ಟು ವರ್ಷ ಅವಳು ಒಂದು ಕಡೆ ಅತ್ತಳು, ನಾನೊಂದು ಕಡೆ ಅತ್ತೆ. ಆ ಕೂಸಿಗಾಗಿ ಮೊದಲನೆಯ ಸಲ ಇಬ್ಬರೂ ಕೂಡಿ ಅತ್ತೆವು. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು, ಸಣ್ಣವಳಿದ್ದಾಗ ಅಳುತ್ತಿದ್ದ ಹಾಗೆ, ಸದ್ದು ಮಾಡಿ. ಅಳಿಯದೇವರು ಬಾಗಿಲವರೆಗೆ ಬಂದು ನೋಡಿ ಹೊರಗೆ ಹೋಗಿ ಕೂತರು. ಪಾಪ, ಅವರೂ ಅತ್ತಿರಬೇಕು.

ಅತ್ತು ಮುಗಿದ ಮೇಲೆ ಹಸಿವೆ ಹಾಗೇ ಇತ್ತು. ಅವಳು ಕಣ್ಣೊರೆಸಿಕೊಂಡು, ಕೈ ತೊಳೆದು, ಹಾಳೆ ಹಾಸಿ ಸುತ್ತಲು ಕೂತಳು. ಸುತ್ತಲು ಅವಳಿಗೆ ಏನೂ ಬರುವುದಿಲ್ಲ! ಒಂದು ಕಡೆ ಹರಿಯಿತು, ಇನ್ನೊಂದು ಕಡೆಯಿಂದ ಮೊಳಕೆಯೆಲ್ಲ ಹೊರಗೆ ಬಂತು. ಎರಡೂ ಕೈಯಿಂದ ಒತ್ತಿ ಹಿಡಿದು ನನ್ನ ಮುಂದೆ ಚಾಚಿದಳು. ತಟ್ಟೆ ಕೇಳಲಿಲ್ಲ, ಹಾಗೇ ತಿಂದೆ. ಅವಳು ಎದುರಿಗೆ ಕೂತು ನನ್ನ ಬಾಯಿ ನೋಡಿದಳು, ಕೊನೆಯ ತುತ್ತು ನುಂಗುವ ತನಕ ಕಣ್ಣು ತೆಗೆಯಲಿಲ್ಲ. "ಅವ್ವಾ, ಇನ್ನೊಂದು ಸುತ್ತಲೇನು?" ಅಂತ ಕೇಳಿದಳು.

"ಸುತ್ತು. ನಿನಗೂ ಒಂದು ಸುತ್ಕೊ. ಕೂಡೇ ಉಣ್ಣೂಣು" ಅಂದೆ.

ನಿಮ್ಮ
ಲೀಲಾ